ಸೈಟೇಶನ್ ಜಾಸ್ತಿ ಇದ್ದವರೇ ಒಳ್ಳೆಯ ಗೈಡಾ? ಕ್ಯಾನ್ಸರ್ ಸಂಶೋಧಕರ ಪೇಪರ್ ಪಟ್ಟಿ ಓದುವ ಬಗೆ

ಪ್ರಶ್ನೆ: ನನ್ನ ಮಗಳು ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಕ್ಯಾನ್ಸರ್ ಜೀನೋಮಿಕ್ಸ್‌ನಲ್ಲಿ, ಅಂದರೆ ಗಡ್ಡೆಗಳ ಡಿಎನ್ಎ ಓದಿ ಕ್ಯಾನ್ಸರ್ ಅರಿಯುವ ವಿಷಯದಲ್ಲಿ, ಪಿಎಚ್.ಡಿ. ಮಾಡಬೇಕು ಅಂತಿದ್ದಾಳೆ. ಇಬ್ಬರು ಗೈಡ್‌ಗಳು ತೆಗೆದುಕೊಳ್ಳಲು ಒಪ್ಪಿದ್ದಾರೆ. ನಾನು ಗೂಗಲ್ ಸ್ಕಾಲರ್‌ನಲ್ಲಿ ಇಬ್ಬರ ಪುಟವನ್ನೂ ನೋಡಿದೆ. ಒಬ್ಬರದು 140 ಪೇಪರ್, 21,000 ಸೈಟೇಶನ್, ಎಚ್-ಇಂಡೆಕ್ಸ್ 46. ಇನ್ನೊಬ್ಬರದು 34 ಪೇಪರ್, 1,900 ಸೈಟೇಶನ್, ಎಚ್-ಇಂಡೆಕ್ಸ್ 17. ನಾನು ಬ್ಯಾಂಕಿನಿಂದ ನಿವೃತ್ತನಾದವನು. ನನ್ನ ಲೆಕ್ಕಕ್ಕೆ ಮೊದಲನೆಯವರೇ ಸರಿ ಅನಿಸುತ್ತದೆ. ಮಗಳು ಎರಡನೆಯವರ ಕಡೆ ವಾಲುತ್ತಿದ್ದಾಳೆ. ಯಾರ ಮಾತು ಸರಿ?

ಉತ್ತರ: ನೀವು ಬ್ಯಾಂಕಿನಲ್ಲಿದ್ದವರು ಅಂದಿರಿ, ಅಲ್ಲಿಂದಲೇ ಶುರು ಮಾಡುತ್ತೇನೆ. ಸಾಲ ಕೇಳಿಕೊಂಡು ಬಂದವರ ಪಾಸ್‌ಬುಕ್ಕಿನಲ್ಲಿ ಕೊನೇ ಸಾಲಿನ ಬ್ಯಾಲೆನ್ಸ್ ಮಾತ್ರ ನೋಡಿ ನೀವು ಸಹಿ ಹಾಕುತ್ತಿರಲಿಲ್ಲ, ಅಲ್ವಾ? ದುಡ್ಡು ಎಲ್ಲಿಂದ ಬಂತು, ತಿಂಗಳು ತಿಂಗಳು ಬರುತ್ತದೆಯಾ, ನಿನ್ನೆ ಯಾರೋ ತಂದು ಹಾಕಿದ್ದಾ ಅಂತ ಹಿಂದಿನ ಪುಟಗಳನ್ನು ತಿರುವಿ ಹಾಕುತ್ತಿದ್ದಿರಿ. ಸೈಟೇಶನ್ ಅಂದರೆ ಒಬ್ಬರ ಪೇಪರನ್ನು ಬೇರೆಯವರು ತಮ್ಮ ಪೇಪರಿನಲ್ಲಿ ಉಲ್ಲೇಖಿಸುವುದು. 21,000 ಅನ್ನುವುದೂ ಅಂಥದೇ ಒಂದು ಬ್ಯಾಲೆನ್ಸ್. ಒಳಗಿನ ಎಂಟ್ರಿ ನೋಡದೆ ಯಾರು ಮೇಲು ಅಂತ ನಾನು ಹೇಳಲಾರೆ. ಆದರೆ ಎಂಟ್ರಿಗಳನ್ನು ಹೇಗೆ ಓದಬೇಕು ಅಂತ ಹೇಳಬಲ್ಲೆ.

ಮೊದಲು ಎಚ್-ಇಂಡೆಕ್ಸ್ ವಿಷಯ ಮುಗಿಸಿಬಿಡೋಣ. ಇದನ್ನು 2005ರಲ್ಲಿ ಸೂಚಿಸಿದವರು ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ. ಎಚ್-ಇಂಡೆಕ್ಸ್ 17 ಅಂದರೆ, ಆ ವಿಜ್ಞಾನಿಯ 17 ಪೇಪರ್‌ಗಳನ್ನು ಬೇರೆಯವರು ತಲಾ 17 ಸಲವಾದರೂ ಉಲ್ಲೇಖಿಸಿದ್ದಾರೆ ಅಂತ. ಈ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ವಯಸ್ಸಾದಂತೆ ತಾನಾಗಿಯೇ ಬೆಳೆಯುತ್ತದೆ. ಹತ್ತು ವರ್ಷದ ಹಿಂದೆ ಲ್ಯಾಬ್ ಶುರು ಮಾಡಿದವರನ್ನೂ ಮೂವತ್ತು ವರ್ಷದ ಅನುಭವದವರನ್ನೂ ಇದರಲ್ಲಿ ತೂಗಿದರೆ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಗೊತ್ತು. ನಿಮ್ಮ ಎರಡನೆಯ ಗೈಡ್ ಎಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ ಅಂತ ನೀವು ಬರೆದಿಲ್ಲ. ಅದನ್ನು ನೋಡಿ.

ಈಗ ಎಂಟ್ರಿಗಳಿಗೆ ಬರೋಣ. ಇದಕ್ಕೆ ನಿಜವಾದ ಒಬ್ಬರ ಪಟ್ಟಿಯನ್ನೇ ತೆಗೆದುಕೊಳ್ಳುತ್ತೇನೆ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಬರ್ಟ್ ವೋಗಲ್‌ಸ್ಟೈನ್. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ವಿಜ್ಞಾನಿಗಳಲ್ಲಿ ಇವರೂ ಒಬ್ಬರು. ಓದಿದ್ದು ಮೊದಲು ಗಣಿತ, ಆಮೇಲೆ ವೈದ್ಯಕೀಯ. ಮಕ್ಕಳ ವಿಭಾಗದಲ್ಲಿ ತರಬೇತಿಯಲ್ಲಿದ್ದಾಗ ರಕ್ತದ ಕ್ಯಾನ್ಸರ್ ಇದ್ದ ಪುಟ್ಟ ಹುಡುಗಿಯೊಬ್ಬಳು ಬಂದಳಂತೆ. ‘ನನ್ನ ಮಗಳಿಗೇ ಯಾಕೆ ಬಂತು?’ ಅಂತ ಅವಳ ಅಪ್ಪ ಕೇಳಿದರಂತೆ. ಆಗ ಅದಕ್ಕೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ವೋಗಲ್‌ಸ್ಟೈನ್ ಅವರ ಮುಂದಿನ ನಾಲ್ಕು ದಶಕಗಳ ಪೇಪರ್‌ಗಳನ್ನು ಸಾಲಾಗಿ ಓದಿದರೆ ಆ ಅಪ್ಪನ ಪ್ರಶ್ನೆಗೇ ಉತ್ತರ ಹುಡುಕುತ್ತಿದ್ದಾರೆ ಅನಿಸುತ್ತದೆ.

ಆದರೆ ಅವರ ಹೆಚ್ಚು ಸೈಟೇಶನ್ ಇರುವ ಪೇಪರ್‌ಗಳ ಸಾಲಿನಲ್ಲಿ ಒಂದಕ್ಕೆ ಕ್ಯಾನ್ಸರ್ ಜೊತೆ ನೇರ ಸಂಬಂಧವೇ ಇಲ್ಲ. 1983ರಲ್ಲಿ ಆಂಡ್ರ್ಯೂ ಫೈನ್‌ಬರ್ಗ್ ಜೊತೆ ಬರೆದದ್ದು. ಆ ಕಾಲದಲ್ಲಿ ಒಂದು ಜೀನನ್ನು ಹುಡುಕಬೇಕಾದರೆ ಅದಕ್ಕೆ ಹೊಂದುವ ಡಿಎನ್ಎ ತುಂಡಿಗೆ ವಿಕಿರಣ ಸೂಸುವ ಗುರುತು ಹಚ್ಚಬೇಕಿತ್ತು. ಆ ಗುರುತನ್ನು ಸುಲಭವಾಗಿ, ಗಾಢವಾಗಿ ಹಚ್ಚುವ ಒಂದು ವಿಧಾನವನ್ನು ಇವರಿಬ್ಬರೂ ಬರೆದರು. ಭತ್ತದ ಮೇಲೆ ಕೆಲಸ ಮಾಡುವವರೂ, ಬ್ಯಾಕ್ಟೀರಿಯಾ ಸಾಕುವವರೂ ಅದನ್ನೇ ಹಿಡಿದರು. ಪ್ರತಿಯೊಬ್ಬರೂ ತಮ್ಮ ಪೇಪರ್‌ನಲ್ಲಿ ಒಂದು ಸಾಲು ಬರೆದರು: ಈ ವಿಧಾನ ಬಳಸಿದ್ದೇವೆ. ಮನೆಯಲ್ಲಿ ಅಡುಗೆ ಮಾಡಿ ‘ಹದ ಹೇಳಿಕೊಟ್ಟವರು ಪಕ್ಕದ ಮನೆ ಅಕ್ಕ’ ಅಂದ ಹಾಗೆ.

ಇವತ್ತು ನಮ್ಮ ಕ್ಷೇತ್ರದಲ್ಲಿ ಆ ಜಾಗದಲ್ಲಿ ಸಾಫ್ಟ್‌ವೇರ್ ಪೇಪರ್‌ಗಳಿವೆ. 2009ರಲ್ಲಿ ಹೆಂಗ್ ಲಿ ಮತ್ತು ರಿಚರ್ಡ್ ಡರ್ಬಿನ್ ಬಿಡಬ್ಲ್ಯುಎ ಅನ್ನುವ ಪ್ರೋಗ್ರಾಮ್ ಬಗ್ಗೆ ಬರೆದರು. ಸೀಕ್ವೆನ್ಸಿಂಗ್ ಯಂತ್ರ ಡಿಎನ್ಎಯನ್ನು ಚಿಕ್ಕ ಚಿಕ್ಕ ತುಂಡುಗಳಲ್ಲಿ ಓದಿ ಕೊಡುತ್ತದೆ. ಒಂದು ಪತ್ರಿಕೆಯನ್ನು ಚೂರು ಚೂರು ಹರಿದಿದ್ದಾರೆ, ಹರಿಯದ ಇನ್ನೊಂದು ಪ್ರತಿ ನಿಮ್ಮ ಕೈಲಿದೆ ಅಂತ ಇಟ್ಟುಕೊಳ್ಳಿ. ಈ ಚೂರು ಯಾವ ಪುಟದ ಯಾವ ಸಾಲಿನದು ಅಂತ ಹೊಂದಿಸಿ ಕೊಡುವ ಕೆಲಸ ಇದರದ್ದು. ಈ ಪೇಪರ್‌ಗೆ ಹತ್ತಾರು ಸಾವಿರ ಸೈಟೇಶನ್ ಇವೆ. ಅದು ನ್ಯಾಯವೇ, ಅದಿಲ್ಲದೆ ನಮ್ಮ ಕೆಲಸವೇ ಸಾಗುವುದಿಲ್ಲ. ಆದರೆ ಅಂಥ ಸೈಟೇಶನ್ ‘ಕ್ಯಾನ್ಸರ್ ಬಗ್ಗೆ ಏನು ಕಂಡುಹಿಡಿದರು’ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲ.

ಇನ್ನು ವೋಗಲ್‌ಸ್ಟೈನ್ ಅವರ ಹೆಸರು ನಿಂತಿರುವ ಕೆಲಸ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಇದು ಬಹಳ ಇಷ್ಟ. ಅವರು ದೊಡ್ಡ ಕರುಳಿನ ಕ್ಯಾನ್ಸರ್ ಆರಿಸಿಕೊಂಡರು. ಕಾರಣ ಸರಳ. ಕರುಳಿನ ಒಳಗೋಡೆಯಲ್ಲಿ ಮೊದಲು ಚಿಕ್ಕ ಗಂಟು ಏಳುತ್ತದೆ. ಪಾಲಿಪ್ ಅಂತಾರೆ. ಅದು ವರ್ಷಗಟ್ಟಲೆ ಬೆಳೆದು ದೊಡ್ಡದಾಗುತ್ತದೆ. ಅಂಥ ಕೆಲವು ಮಾತ್ರ ಕ್ಯಾನ್ಸರ್ ಆಗುತ್ತವೆ. ಅಂದರೆ ಒಂದೇ ಕಾಯಿಲೆಯ ಬಾಲ್ಯ, ಯೌವನ, ಮುಪ್ಪು ಮೂರೂ ಶಸ್ತ್ರಚಿಕಿತ್ಸೆಯ ಟೇಬಲ್ ಮೇಲೆ ಸಿಗುತ್ತವೆ. ಮೆದುಳಿನ ಗಡ್ಡೆಯಲ್ಲಿ ಈ ಅನುಕೂಲ ಇಲ್ಲ.

1988ರಲ್ಲಿ ಅವರ ತಂಡ ಇಂಥ 172 ಮಾದರಿಗಳನ್ನು ನೋಡಿತು. ರ‍್ಯಾಸ್ ಅನ್ನುವ ಜೀನಿನಲ್ಲಿ ತಪ್ಪು ಎಷ್ಟು ಗಂಟುಗಳಲ್ಲಿದೆ ಅಂತ ಎಣಿಸಿದರು. ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಂಟುಗಳಲ್ಲಿ ಶೇ. 9. ಅದಕ್ಕಿಂತ ದೊಡ್ಡ ಗಂಟುಗಳಲ್ಲಿ ಶೇ. 58. ಕ್ಯಾನ್ಸರ್ ಆದವುಗಳಲ್ಲಿ ಶೇ. 47. ಈ ಮೂರು ಸಂಖ್ಯೆಗಳ ಮುಂದೆ ಒಂದು ನಿಮಿಷ ಕೂತುಕೊಳ್ಳಿ. ಗಂಟು ಚಿಕ್ಕದಿದ್ದಾಗ ಈ ತಪ್ಪು ವಿರಳ, ದೊಡ್ಡದಾದಾಗ ಅರ್ಧಕ್ಕರ್ಧ. ದೊಡ್ಡ ಗಂಟಿನಿಂದ ಕ್ಯಾನ್ಸರಿಗೆ ಹೋಗುವಾಗ ಅದು ಇನ್ನೇನೂ ಹೆಚ್ಚಿಲ್ಲ. ಅಂದರೆ ಗಂಟು ಬೆಳೆಯುವ ಹಂತದಲ್ಲೇ ಈ ತಪ್ಪು ಸೇರಿಕೊಳ್ಳುತ್ತದೆ. ಕ್ಯಾನ್ಸರ್ ಆಗಲು ಅದೊಂದೇ ಸಾಲದು, ಆಮೇಲೆ ಬೇರೆ ಏನೋ ಕೆಡಬೇಕು. ಕ್ಯಾನ್ಸರ್ ಒಂದೇ ಏಟಿಗೆ ಬರುವುದಲ್ಲ, ಜೀನುಗಳು ಒಂದರ ಮೇಲೊಂದು ಕೆಡುತ್ತಾ ಬರುವುದು ಅನ್ನುವುದನ್ನು ರೋಗಿಗಳ ಅಂಗಾಂಶದಲ್ಲೇ ಹೀಗೆ ತೋರಿಸಿದರು. 1990ರಲ್ಲಿ ಎರಿಕ್ ಫೀರನ್ ಜೊತೆ ಸೇರಿ ಈ ಮೆಟ್ಟಿಲುಗಳನ್ನೆಲ್ಲ ಒಂದೇ ಚಿತ್ರದಲ್ಲಿ ಬಿಡಿಸಿದರು. ಆ ಚಿತ್ರಕ್ಕೆ ಕ್ಷೇತ್ರದವರು ‘ವೋಗಲ್‌ಗ್ರಾಮ್’ ಅಂತಲೇ ಹೆಸರಿಟ್ಟರು. ನಿಮ್ಮ ಮಗಳ ಎಂ.ಎಸ್ಸಿ. ಪಠ್ಯದಲ್ಲಿ ಅದು ಇದ್ದೇ ಇರುತ್ತದೆ, ತೋರಿಸು ಅನ್ನಿ.

ಇವೆರಡರ ನಡುವೆ, 1989ರಲ್ಲಿ, ಇನ್ನೊಂದು ಪೇಪರ್ ಬಂತು. ಪಿ53 ಅನ್ನುವ ಪ್ರೋಟೀನ್ 1979ರಿಂದಲೇ ಗೊತ್ತಿತ್ತು. ಅದು ಕ್ಯಾನ್ಸರಿನ ವೇಗ ಹೆಚ್ಚಿಸುವ ಆಕ್ಸಿಲರೇಟರ್ ಅಂತ ಎಲ್ಲರೂ ನಂಬಿದ್ದರು. ಕರುಳಿನ ಕ್ಯಾನ್ಸರಿನಲ್ಲಿ 17ನೇ ಕ್ರೋಮೋಸೋಮಿನ ಒಂದು ತುಂಡು ಪದೇ ಪದೇ ಕಳೆದುಹೋಗುವುದನ್ನು ಈ ತಂಡ ಗಮನಿಸಿತ್ತು. ಪಿ53ರ ಜೀನು ಇದ್ದದ್ದು ಅಲ್ಲೇ. ಈ ಜೀನಿಗೆ ನಮ್ಮ ಕೋಶದಲ್ಲಿ ಎರಡು ಪ್ರತಿ ಇರುತ್ತವೆ. ಎರಡು ಗಡ್ಡೆಗಳನ್ನು ತೆಗೆದುಕೊಂಡು, ಕಳೆದುಹೋಗದೆ ಉಳಿದ ಪ್ರತಿಯನ್ನು ಓದಿದರು. ಎರಡರಲ್ಲೂ ಆ ಪ್ರತಿ ಕೆಟ್ಟಿತ್ತು. ಒಂದು ಪ್ರತಿ ಹೋಗಿದೆ, ಇನ್ನೊಂದು ಕೆಟ್ಟಿದೆ. ಅಂದರೆ ಪಿ53 ಆಕ್ಸಿಲರೇಟರ್ ಅಲ್ಲ, ಬ್ರೇಕ್. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಬ್ರೇಕ್ ಹೋಗಿರುತ್ತದೆ ಅಂತ ಆಮೇಲೆ ಗೊತ್ತಾಯಿತು.

ಇಲ್ಲಿ ನೀವು ನೋಡಬೇಕಾದ್ದು ಬೇರೆ. ಆ ಪೇಪರಿನ ಮೊದಲ ಹೆಸರು ಸುಝಾನ್ ಬೇಕರ್, ಆಗ ವೋಗಲ್‌ಸ್ಟೈನ್ ಲ್ಯಾಬಿನ ಪಿಎಚ್.ಡಿ. ವಿದ್ಯಾರ್ಥಿನಿ. ಗೈಡಿನ ಹೆಸರು ಕೊನೆಯಲ್ಲಿ. ನಮ್ಮ ಕ್ಷೇತ್ರದ ಪದ್ಧತಿಯೇ ಹೀಗೆ: ಕೈಯಾರೆ ಹೆಚ್ಚು ಕೆಲಸ ಮಾಡಿದವರು ಮೊದಲು, ಲ್ಯಾಬ್ ನಡೆಸುವವರು ಕೊನೆಗೆ. ಬೇಕರ್ ಆಮೇಲೆ ಮೆಂಫಿಸ್‌ನ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆಯಲ್ಲಿ ಮಕ್ಕಳ ಮೆದುಳಿನ ಗಡ್ಡೆಗಳ ಬಗ್ಗೆ ಸ್ವಂತ ಲ್ಯಾಬ್ ಕಟ್ಟಿದರು. ಫೀರನ್ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಗೈಡ್ ಒಬ್ಬರ ಪ್ರಭಾವ ಅಳೆಯಬೇಕಾದರೆ ನಾನು ಮೊದಲು ನೋಡುವುದು ಇದನ್ನೇ. ಆ ಲ್ಯಾಬಿನಿಂದ ಹೊರಬಂದವರು ಈಗ ಎಲ್ಲಿದ್ದಾರೆ? ಮೊದಲ ಹೆಸರಾಗಿ ವಿದ್ಯಾರ್ಥಿಗಳು ಬರುತ್ತಾರಾ, ಅಥವಾ ಯಾವಾಗಲೂ ಅದೇ ಇಬ್ಬರು ಹಿರಿಯರಾ? ಇದನ್ನು ಎಚ್-ಇಂಡೆಕ್ಸ್ ಹೇಳುವುದಿಲ್ಲ. ಪೇಪರ್ ಪಟ್ಟಿಯನ್ನು ಹತ್ತು ನಿಮಿಷ ಕೆಳಗೆ ಜಾರಿಸಿ ನೋಡಿದರೆ ಗೊತ್ತಾಗುತ್ತದೆ.

ಸೈಟೇಶನ್ ಅಂದರೆ ಹೊಗಳಿಕೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. 2006ರಲ್ಲಿ ವೋಗಲ್‌ಸ್ಟೈನ್, ಕೆನೆತ್ ಕಿನ್ಸ್‌ಲರ್, ವಿಕ್ಟರ್ ವೆಲ್ಕುಲೆಸ್ಕು ಇವರ ತಂಡ 11 ಸ್ತನ ಕ್ಯಾನ್ಸರ್ ಮತ್ತು 11 ಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ 13,023 ಜೀನುಗಳನ್ನು ಓದಿತು. ಕ್ಯಾನ್ಸರ್ ಗಡ್ಡೆಗಳಲ್ಲಿ ಅಷ್ಟು ಜೀನುಗಳನ್ನು ಒಟ್ಟಿಗೆ ಅಲ್ಲಿಯವರೆಗೆ ಯಾರೂ ಓದಿರಲಿಲ್ಲ. 189 ಜೀನುಗಳು ಕ್ಯಾನ್ಸರಿಗೆ ಸಂಬಂಧಪಟ್ಟವು ಎಂದು ಅನಿಸುತ್ತದೆ ಎಂದರು. ಮರುವರ್ಷವೇ, ಆ ಪೇಪರ್ ಬಂದಿದ್ದ ವಿಜ್ಞಾನ ಪತ್ರಿಕೆಯಲ್ಲೇ, ಬೇರೆ ತಂಡಗಳು ಆಕ್ಷೇಪ ಬರೆದವು: ಜೀನುಗಳಲ್ಲಿ ಸಹಜವಾಗಿ ಎಷ್ಟು ತಪ್ಪು ಬರುತ್ತದೆ ಅನ್ನುವ ನಿಮ್ಮ ಅಂದಾಜು ಸರಿಯಿಲ್ಲ, ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆ ಅಂತ. ಇವರೂ ಉತ್ತರ ಕೊಟ್ಟರು. ಆ ಒಂದೊಂದು ಆಕ್ಷೇಪವೂ ಮೂಲ ಪೇಪರಿನ ಖಾತೆಗೆ ಒಂದೊಂದು ಸೈಟೇಶನ್ ಆಗಿ ಜಮಾ ಆಯಿತು.

2015ರಲ್ಲಿ ಇದಕ್ಕಿಂತ ಜೋರಾದ ಜಗಳ ನಡೆಯಿತು. ಕ್ರಿಶ್ಚಿಯನ್ ತೊಮಾಸೆಟ್ಟಿ ಮತ್ತು ವೋಗಲ್‌ಸ್ಟೈನ್ 31 ಬಗೆಯ ಕ್ಯಾನ್ಸರ್‌ಗಳನ್ನು ಇಟ್ಟುಕೊಂಡು ಒಂದು ಲೆಕ್ಕ ಹಾಕಿದರು. ಯಾವ ಅಂಗದಲ್ಲಿ ಕಾಂಡಕೋಶಗಳು (ಹೊಸ ಕೋಶಗಳನ್ನು ಹುಟ್ಟಿಸುವ ಮೂಲ ಕೋಶಗಳು) ಹೆಚ್ಚು ಸಲ ಒಡೆದು ಎರಡಾಗುತ್ತವೋ ಅಲ್ಲಿ ಕ್ಯಾನ್ಸರ್ ಹೆಚ್ಚು. ಒಡೆಯುವಾಗ ಡಿಎನ್ಎ ನಕಲಿನಲ್ಲಿ ಆಕಸ್ಮಿಕವಾಗಿ ತಪ್ಪು ನುಸುಳಬಹುದಲ್ಲ. ಅಂಗದಿಂದ ಅಂಗಕ್ಕೆ ಇರುವ ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡು ಭಾಗ ಇದರಿಂದ ವಿವರಿಸಬಹುದು ಅಂದರು. ಸುದ್ದಿ ಪತ್ರಿಕೆಗಳು ‘ಮೂರರಲ್ಲಿ ಎರಡು ಕ್ಯಾನ್ಸರ್ ಸುಮ್ನೆ ದುರದೃಷ್ಟದಿಂದ ಬರುತ್ತವೆ’ ಅಂತ ಬರೆದುಬಿಟ್ಟವು. ಅಂಗ ಅಂಗಗಳ ನಡುವಿನ ವ್ಯತ್ಯಾಸ ವಿವರಿಸುವುದು ಬೇರೆ, ಒಟ್ಟು ಕ್ಯಾನ್ಸರುಗಳಲ್ಲಿ ಎಷ್ಟು ದುರದೃಷ್ಟದಿಂದ ಬಂದವು ಅನ್ನುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಇದನ್ನು ಒಪ್ಪುವುದಿಲ್ಲ ಅಂತ ಹೇಳಿಕೆ ಕೊಟ್ಟಿತು. ಹಾಗೆ ನಂಬಿದರೆ ತಂಬಾಕು ಬಿಡುವವರೂ ಬಿಡುವುದಿಲ್ಲ ಅನ್ನುವ ಆತಂಕ ನನಗೂ ಆಗ ಇತ್ತು. 2017ರಲ್ಲಿ ಲೇಖಕರು ಇನ್ನೊಂದು ಪೇಪರ್ ಬರೆದು ತಮ್ಮ ವಾದವನ್ನು ಬಿಡಿಸಿ ಹೇಳಿದರು. ಈ ಇಡೀ ವಾಗ್ವಾದವೂ ಸೈಟೇಶನ್ ಆಗಿಯೇ ಕೂತಿದೆ.

ಹಾಗಾದರೆ ನಿಜವಾದ ಪರಿಣಾಮ ಹೇಗಿರುತ್ತದೆ? ವೋಗಲ್‌ಸ್ಟೈನ್ ತಂಡದ್ದೇ 2008ರ ಒಂದು ಪೇಪರ್ ನೋಡಿ. ಗ್ಲಯೋಬ್ಲಾಸ್ಟೋಮಾ ಅನ್ನುವ ಮೆದುಳಿನ ಕ್ಯಾನ್ಸರ್, 22 ಗಡ್ಡೆಗಳು, 20 ಸಾವಿರಕ್ಕೂ ಹೆಚ್ಚು ಜೀನು. ಓದುತ್ತಾ ಹೋದಾಗ ಐಡಿಎಚ್1 ಅನ್ನುವ ಜೀನಿನಲ್ಲಿ, ಅದೂ ಒಂದೇ ಜಾಗದಲ್ಲಿ, 132ನೇ ಸ್ಥಾನದಲ್ಲಿ, ತಪ್ಪು ಸಿಕ್ಕಿತು. ಜೀವಕೋಶ ಸಕ್ಕರೆಯಿಂದ ಶಕ್ತಿ ಮಾಡಿಕೊಳ್ಳುವ ಪಾಠವನ್ನು ಬಿ.ಎಸ್ಸಿ.ಯಲ್ಲಿ ಓದುತ್ತಾರಲ್ಲ, ಅಲ್ಲಿ ಬರುವ ಕಿಣ್ವದ ಬಂಧು ಇದು. ಇಂಥ ಸಾಧು ಕಿಣ್ವದ ಮೇಲೆ ಯಾರಿಗೂ ಅನುಮಾನ ಇರಲಿಲ್ಲ. ಎಲ್ಲ ಜೀನುಗಳನ್ನೂ ಓದಿದ್ದರಿಂದ ಮಾತ್ರ ಅದು ಕಣ್ಣಿಗೆ ಬಿತ್ತು. ಮರುವರ್ಷ, ನಿಧಾನವಾಗಿ ಬೆಳೆಯುವ ಕೆಲವು ಮೆದುಳಿನ ಗಡ್ಡೆಗಳಲ್ಲಿ ಶೇ. 70ಕ್ಕೂ ಹೆಚ್ಚಿನವುಗಳಲ್ಲಿ ಇದೇ ತಪ್ಪು ಇದೆ ಅಂತ ತಿಳಿಯಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೆದುಳಿನ ಗಡ್ಡೆಗಳ ವರ್ಗೀಕರಣದಲ್ಲೇ ಇದನ್ನು ಸೇರಿಸಿತು. ಈಗ ಬೆಂಗಳೂರಿನಲ್ಲೇ ಆಗಲಿ, ಬೇರೆಲ್ಲೇ ಆಗಲಿ, ಇಂಥ ಗಡ್ಡೆಯ ಬಯಾಪ್ಸಿ ವರದಿಯಲ್ಲಿ ‘ಐಡಿಎಚ್’ ಅನ್ನುವ ಪದ ಕಾಣುತ್ತದೆ. 2024ರ ಆಗಸ್ಟ್‌ನಲ್ಲಿ ಈ ಕೆಟ್ಟ ಕಿಣ್ವವನ್ನೇ ತಡೆಯುವ ವೊರಾಸಿಡೆನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಪೇಪರಿನಿಂದ ಮಾತ್ರೆಗೆ 16 ವರ್ಷ. ನಡುವೆ ಎಷ್ಟೋ ಬೇರೆ ಲ್ಯಾಬುಗಳ, ಕಂಪನಿಗಳ ದುಡಿಮೆ ಇದೆ. ಆದರೆ ಆ ದಾರಿ ಶುರುವಾದದ್ದು ಅಲ್ಲಿಂದ.

ಈಗ ನಿಮ್ಮ ಮೊದಲನೆಯ ಗೈಡ್ ಕಡೆ ಬರುತ್ತೇನೆ. 140 ಪೇಪರ್‌ಗೆ 21,000 ಅಂದರೆ ಸರಾಸರಿ 150. ಆದರೆ ಸರಾಸರಿ ಇಲ್ಲಿ ಮೋಸ ಮಾಡುತ್ತದೆ. ಕ್ಯಾನ್ಸರ್ ಜೀನೋಮಿಕ್ಸ್‌ನಲ್ಲಿ ಬಹುದೊಡ್ಡ ಕೂಟಗಳ ಪೇಪರ್‌ಗಳಿರುತ್ತವೆ. 2020ರ ಫೆಬ್ರುವರಿಯಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಪ್ಯಾನ್-ಕ್ಯಾನ್ಸರ್ ಅಧ್ಯಯನ ಅಂಥದು. 38 ಬಗೆಯ ಕ್ಯಾನ್ಸರ್, 2,658 ಪೂರ್ತಿ ಜೀನೋಮ್‌ಗಳು (ಒಂದೊಂದು ಗಡ್ಡೆಯ ಇಡೀ ಡಿಎನ್ಎ), ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು. ಒಂದೊಂದು ಗಡ್ಡೆಯಲ್ಲಿ ಕ್ಯಾನ್ಸರನ್ನು ಮುಂದಕ್ಕೆ ತಳ್ಳುವ ತಪ್ಪುಗಳು ಸರಾಸರಿ ನಾಲ್ಕೈದು ಮಾತ್ರ ಅಂತ ಅದು ತೋರಿಸಿತು. ಅದ್ಭುತ ಕೆಲಸ. ಆದರೆ ಅದರ ಸೈಟೇಶನ್ ಅಷ್ಟೂ ಪ್ರತಿಯೊಬ್ಬ ಲೇಖಕರ ಪುಟದಲ್ಲೂ ಪೂರ್ತಿಯಾಗಿ ಕೂಡುತ್ತದೆ. ಪಾಲು ಹಂಚುವುದಿಲ್ಲ. ಇಂಥದೇ ಒಂದು ಕೂಟದ ಪೇಪರಿನಲ್ಲಿ ನನ್ನ ಹೆಸರೂ ನಡುವೆಲ್ಲೋ ಇದೆ. ಮಾದರಿಗಳ ಗುಣಮಟ್ಟ ಪರೀಕ್ಷಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಅದು ಬೇಕಾದ ಕೆಲಸ, ಶ್ರದ್ಧೆಯಿಂದ ಮಾಡಿದೆ. ಆದರೆ ನಾನು ವರ್ಷಗಟ್ಟಲೆ ಯೋಚಿಸಿ ಬರೆದ ಉಳಿದೆಲ್ಲ ಪೇಪರ್‌ಗಳಿಗಿಂತ ಅದೊಂದಕ್ಕೇ ಸೈಟೇಶನ್ ಜಾಸ್ತಿ. ಅದನ್ನು ನೋಡಿ ಯಾರಾದರೂ ನನ್ನ ಹತ್ತಿರ ವಿದ್ಯಾರ್ಥಿಯಾಗಿ ಬಂದರೆ ಅವರಿಗೆ ತಪ್ಪು ಚಿತ್ರ ಸಿಕ್ಕಂತೆ.

ಹಾಗಾಗಿ ಹೀಗೆ ಮಾಡಿ. ಮೊದಲನೆಯವರ ಪಟ್ಟಿಯಲ್ಲಿ ಅತಿ ಹೆಚ್ಚು ಸೈಟೇಶನ್ ಇರುವ ಐದು ಪೇಪರ್ ತೆಗೆದು, ಅವರ ಹೆಸರು ಎಲ್ಲಿದೆ ನೋಡಿ. ಕೊನೆಯಲ್ಲಿದೆಯಾ, ಮೊದಲಲ್ಲಿದೆಯಾ, ಇನ್ನೂರು ಹೆಸರುಗಳ ನಡುವೆಯಾ? ನಡುವಿನವನ್ನು ಬದಿಗಿಟ್ಟು ಉಳಿದದ್ದನ್ನು ಕೂಡಿ. 21,000 ಇದ್ದದ್ದು 3,000 ಆದರೂ ಆಶ್ಚರ್ಯ ಇಲ್ಲ. 21,000 ಬಹುಪಾಲು ಹಾಗೇ ಉಳಿದರೆ ಅದೂ ಒಂದು ಉತ್ತರವೇ, ಆಗ ಅವರು ನಿಜಕ್ಕೂ ದೊಡ್ಡ ಕೆಲಸ ಮಾಡಿದವರು.

ಇನ್ನೊಂದು ವಿಷಯ ಹೇಳಲೇಬೇಕು. ಸೈಟೇಶನ್ ಎಷ್ಟಿದ್ದರೂ ಲೆಕ್ಕ ಸರಿಯಿದೆ ಅನ್ನುವ ಖಾತ್ರಿ ಅದರಲ್ಲಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು 2006ರಲ್ಲಿ ನೇಚರ್ ಮೆಡಿಸಿನ್‌ನಲ್ಲಿ ಒಂದು ಪೇಪರ್ ಬರೆಯಿತು. ಗಡ್ಡೆಯ ಜೀನುಗಳ ಚಟುವಟಿಕೆ ನೋಡಿ ಯಾವ ಕೀಮೋ ಔಷಧಿ ಕೆಲಸ ಮಾಡುತ್ತದೆ ಅಂತ ಮೊದಲೇ ಹೇಳಬಹುದು ಅಂತ. ಎಲ್ಲರೂ ಉಲ್ಲೇಖಿಸಿದರು. ಅದರ ಆಧಾರದ ಮೇಲೆ ರೋಗಿಗಳ ಮೇಲೆ ಪರೀಕ್ಷೆಗಳೂ ಶುರುವಾದವು. ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯಲ್ಲಿದ್ದ ಸಂಖ್ಯಾಶಾಸ್ತ್ರಜ್ಞರು ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಆ ಲೆಕ್ಕವನ್ನು ಮತ್ತೆ ಮಾಡಿ ನೋಡಲು ಕೂತರು. ಜೀನುಗಳ ಪಟ್ಟಿ ಒಂದು ಸಾಲು ಜಾರಿತ್ತು. ಶಾಲೆಯ ಮಾರ್ಕ್ಸ್ ರಿಜಿಸ್ಟರಿನಲ್ಲಿ ಅಂಕಗಳ ಕಾಲಂ ಒಂದು ಸಾಲು ಕೆಳಗಿಳಿದರೆ ಏನಾಗುತ್ತದೆ? ಪ್ರತಿ ಮಗುವಿಗೂ ಪಕ್ಕದ ಮಗುವಿನ ಅಂಕ. ಕೆಲವು ಕಡೆ ‘ಔಷಧಿಗೆ ಬಗ್ಗುತ್ತದೆ’, ‘ಬಗ್ಗುವುದಿಲ್ಲ’ ಅನ್ನುವ ಗುರುತುಗಳೇ ಅದಲುಬದಲಾಗಿದ್ದವು. ಅವರು 2009ರಲ್ಲಿ ಇದನ್ನೆಲ್ಲ ಬರೆದದ್ದು ಒಂದು ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ. 2011ರಲ್ಲಿ ಡ್ಯೂಕ್ ತಂಡ ಮೂಲ ಪೇಪರನ್ನು ಹಿಂದಕ್ಕೆ ಪಡೆಯಿತು. 2015ರಲ್ಲಿ ಅಮೆರಿಕ ಸರ್ಕಾರದ ಸಂಶೋಧನಾ ಪ್ರಾಮಾಣಿಕತೆಯ ಕಚೇರಿ ಅಲ್ಲಿ ದುರ್ನಡತೆ ನಡೆದಿದೆ ಅಂತ ತೀರ್ಮಾನಿಸಿತು. ಆ ಪರೀಕ್ಷೆಗಳಲ್ಲಿ ಇದ್ದದ್ದು ನಿಜವಾದ ಕ್ಯಾನ್ಸರ್ ರೋಗಿಗಳು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ.

ಆದ್ದರಿಂದ ಗೈಡ್ ತಮ್ಮ ದತ್ತಾಂಶವನ್ನೂ ಪ್ರೋಗ್ರಾಮ್ ಕೋಡನ್ನೂ ಬೇರೆಯವರು ನೋಡುವ ಹಾಗೆ ಇಡುತ್ತಾರಾ ಅಂತ ಮಗಳು ನೋಡಲಿ. ಪೇಪರಿನ ಕೊನೆಯಲ್ಲಿ ಅದಕ್ಕೊಂದು ಪ್ಯಾರಾ ಇರುತ್ತದೆ. ‘ಕೇಳಿದರೆ ಕೊಡುತ್ತೇವೆ’ ಅಂತ ಬರೆಯುವವರಿಗಿಂತ, ಯಾವ ಸಾರ್ವಜನಿಕ ಭಂಡಾರದಲ್ಲಿ ಇಟ್ಟಿದ್ದೇವೆ ಅಂತ ನಂಬರ್ ಕೊಡುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ನಿಮ್ಮ ಎರಡನೆಯ ಗೈಡಿನ 1,900ರ ಬಗ್ಗೆಯೂ ಒಂದು ಮಾತು. ಅವರು ಯಾವ ಕ್ಯಾನ್ಸರ್ ಮೇಲೆ ಕೆಲಸ ಮಾಡುತ್ತಾರೆ? ಶ್ರೀಮಂತ ದೇಶಗಳಲ್ಲಿ ಹೆಚ್ಚಿರುವ ಕಾಯಿಲೆಯ ಬಗ್ಗೆ ಬರೆದರೆ ಓದುವ ಲ್ಯಾಬುಗಳೂ ಹೆಚ್ಚು, ಸೈಟೇಶನ್ನೂ ಹೆಚ್ಚು. ಬಾಯಿ ಕ್ಯಾನ್ಸರ್ ತೆಗೆದುಕೊಳ್ಳಿ. ಎಲೆ ಅಡಿಕೆ ಜೊತೆ ತಂಬಾಕಿನ ಉಂಡೆಯನ್ನು ಕೆನ್ನೆ ಮತ್ತು ವಸಡಿನ ಸಂದಿಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಅದೇ ಜಾಗದಲ್ಲಿ ಏಳುವ ಕ್ಯಾನ್ಸರ್ ನಮ್ಮಲ್ಲಿ ಜಾಸ್ತಿ, ಅವರಲ್ಲಿ ಕಡಿಮೆ. 2013ರಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿಯ ಜೀನೋಮಿಕ್ಸ್ ಸಂಸ್ಥೆ ಮತ್ತು ನವಿ ಮುಂಬೈನ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆ್ಯಕ್ಟ್ರೆಕ್ ಸೇರಿ, ಇದರಲ್ಲಿ ಯಾವ ಜೀನುಗಳು ಕೆಡುತ್ತವೆ ಅನ್ನುವ ಮೊದಲ ದೊಡ್ಡ ನಕ್ಷೆ ತಂದವು. ಮೊದಲು 50 ರೋಗಿಗಳು, ಖಚಿತಪಡಿಸಿಕೊಳ್ಳಲು ಇನ್ನೂ 60 ರೋಗಿಗಳು. ಟಿಪಿ53 (ಮೇಲೆ ಹೇಳಿದ ಪಿ53ರ ಜೀನು), ಕ್ಯಾಸ್ಪೇಸ್-8ರಂಥ ಮೊದಲೇ ಗೊತ್ತಿದ್ದ ಜೀನುಗಳ ಜೊತೆ, ಈ ಜಾಗದ ಕ್ಯಾನ್ಸರಿಗೇ ವಿಶೇಷವಾದ ಐದು ಜೀನುಗಳನ್ನು ಗುರುತಿಸಿದರು. ಲೇಖಕರ ಜಾಗದಲ್ಲಿ ವ್ಯಕ್ತಿಗಳ ಹೆಸರಿನ ಬದಲು ಭಾರತದ ಯೋಜನಾ ತಂಡ ಅಂತಲೇ ಹಾಕಿದರು. ವೋಗಲ್‌ಸ್ಟೈನ್ ಅವರ ಪೇಪರ್‌ಗಳ ಪಕ್ಕದಲ್ಲಿಟ್ಟರೆ ಇದರ ಸೈಟೇಶನ್ ಚಿಕ್ಕದು. ಆದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಕೂತ, ದವಡೆಗೆ ಟವೆಲ್ ಒತ್ತಿಕೊಂಡ ಮನುಷ್ಯನ ಕಾಯಿಲೆ ಎಂಥದು ಅಂತ ಹೇಳುವುದು ಈ ಪೇಪರ್. ಇಂಥ ವಿಷಯದ ಮೇಲೆ ಕೆಲಸ ಮಾಡುವವರಿಗೆ 1,900 ಕಡಿಮೆ ಏನಲ್ಲ.

ಕೊನೆಗೆ ಒಂದು ಕೇಳುತ್ತೇನೆ. ಮಗಳು ಎರಡನೆಯವರ ಕಡೆ ಯಾಕೆ ವಾಲುತ್ತಿದ್ದಾಳೆ ಅಂತ ಅವಳನ್ನು ಕೇಳಿದಿರಾ? ಅವರ ಯಾವುದಾದರೂ ಪೇಪರ್ ಓದಿ ಹಿಡಿಸಿದ್ದರೆ, ರಾತ್ರಿ ಊಟ ಆದ ಮೇಲೆ ಅದರ ಒಂದು ಚಿತ್ರವನ್ನು ನಿಮಗೆ ವಿವರಿಸಲಿ. ಮೊದಲನೆಯವರದ್ದೂ ಒಂದನ್ನು ಓದಿ ವಿವರಿಸಲಿ. ಎರಡೂ ಲ್ಯಾಬಿನ ಈಗಿನ ವಿದ್ಯಾರ್ಥಿಗಳಿಗೆ ಫೋನ್ ಮಾಡಿ, ಗೈಡ್ ವಾರಕ್ಕೆಷ್ಟು ಸಲ ಸಿಗುತ್ತಾರೆ, ಪ್ರಯೋಗ ಸೋತಾಗ ಹೇಗೆ ಮಾತಾಡುತ್ತಾರೆ ಅಂತ ಅವಳೇ ಕೇಳಲಿ. ಇಷ್ಟಾದ ಮೇಲೂ ಗೊಂದಲ ಇದ್ದರೆ, ಇಬ್ಬರೂ ಕೊನೆಯ ಹೆಸರಾಗಿರುವ ಇತ್ತೀಚಿನ ಮೂರು ಮೂರು ಪೇಪರ್‌ಗಳ ಶೀರ್ಷಿಕೆ ಬರೆದು ಕಳಿಸಿ. ನಾನು ಓದಿ ಬರೆಯುತ್ತೇನೆ.